ಜಯಕ್ಕನ ಗೋಡೆಗೆ ಒರಗಿ

ಗುಡ್ಡ ಕುಸಿದ ಮೇಲೆ ಮಡಿಕೇರಿ ಕಡೆ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಜನ ಬೆಚ್ಚುತ್ತಾರೆ. ಹೊಲಿಗೆ ಕೆಲಸದ ಜಯಕ್ಕ ಬಟ್ಟೆಬರೆ ಗಂಟು ಕಟ್ಟಿಟ್ಟುಕೊಂಡೇ ಎಂಜಿನಿಯರ್ ಆದ ನನ್ನನ್ನು ಕರೆಸಿದ್ದರು. ಸಿಮೆಂಟ್ ಬ್ಲಾಕಿನ ಹೊಸ ಗೋಡೆ. ಬಿರುಕು ನೇರವಾಗಿತ್ತು, ಮೇಲಿಂದ ಕೆಳಗೆ ಒಂದೇ ಅಗಲ. ಪಾಯ ಕುಸಿದಿರಲಿಲ್ಲ. ಗೋಡೆ ಇನ್ನೂ ಸರಿಯುತ್ತಿದ್ದರೆ ಒಡೆದು ತೋರಿಸಲಿ ಎಂದು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಬಂದೆ. ಎರಡು ತಿಂಗಳ ನಂತರ ಹೋಗಿ ನೋಡಿದರೆ ಅದು ಒಡೆದಿರಲಿಲ್ಲ; ಜಯಕ್ಕ ಗಂಟನ್ನೂ ಬಿಚ್ಚಿರಲಿಲ್ಲ.

"ಹಸಿ ಬ್ಲಾಕ್ ಒಣಗಿ ಕುಗ್ಗಿದೆ, ಅಷ್ಟೇ ಅಕ್ಕ. ಮನೆ ಜಾರ್ತಿಲ್ಲ. ಬಿರುಕು ಕೆತ್ತಿ ಗಾರೆ ತುಂಬಿದ್ರೆ ಸಾಕು."

"ಹಾಗಾದ್ರೆ ನೀವೇ ಅದಕ್ಕೆ ಒರಗಿ ಕೂತು ಕಾಫಿ ಕುಡೀರಿ ಸಾರ್."

ಕೂತೆ. ಕೊನೆಯ ಗುಟುಕಿನವರೆಗೂ ಅವರು ಬಾಗಿಲಲ್ಲೇ ನಿಂತು ಗೋಡೆ ನೋಡಿದರು. ಆಮೇಲೆ ಒಳಗೆ ಬಂದು, ಗಂಟು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಬೀರುವಿನಲ್ಲಿ ಜೋಡಿಸತೊಡಗಿದರು.

ನನ್ನ ತೊಂಬತ್ತು ಕೆಜಿ ತೂಕ ಒಬ್ಬರಿಗೆ ನೆಮ್ಮದಿ ತಂದದ್ದು ಅದೇ ಮೊದಲು.