ಸಭೆಗೆ ಮೊದಲೇ ಹೊರಟ ವರದಿ

ಗಂಗವ್ವ, ನಿಮ್ಮ ತಂದೆ ಈರಪ್ಪನವರು ಊರಿನ ಗೋಮಾಳವನ್ನು ಸರ್ಕಾರಕ್ಕೆ ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟರೆಂದು ಪತ್ರಿಕೆಯಲ್ಲಿ ಬರುವಂತೆ ಮಾಡಿದವನು ನಾನು.

ರಾಜ್ಯ ಒಂದಾದ ಹೊಸದರಲ್ಲಿ ನಾನು ಮಂತ್ರಿಯೊಬ್ಬರ ಪತ್ರಿಕಾ ಅಧಿಕಾರಿ. ಅವರು ಆಡಿದ್ದನ್ನು — ಕೆಲವೊಮ್ಮೆ ಆಡಬೇಕಾಗಿದ್ದನ್ನು — ಪತ್ರಿಕೆಗಳಿಗೆ ತಲುಪಿಸುವುದು ನನ್ನ ಉದ್ಯೋಗ. ಶಿರಸಿಯಿಂದ ಮಧ್ಯಾಹ್ನದ ಬಸ್ಸು ತಪ್ಪಿದರೆ ಮರುದಿನ ಹುಬ್ಬಳ್ಳಿಯ ಪತ್ರಿಕೆಗಳಲ್ಲಿ ಸುದ್ದಿ ಇರುತ್ತಿರಲಿಲ್ಲ. ಹಾಗಾಗಿ ಸಂಜೆಯ ಸಭೆಯ ವರದಿಯನ್ನು ಬೆಳಿಗ್ಗೆಯೇ ಬರೆದು ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ಭಾಷಣ, ಚಪ್ಪಾಳೆ, ವಂದನಾರ್ಪಣೆ, ಎಲ್ಲವೂ ಮುಂಚೆಯೇ ಮುಗಿದಿರುತ್ತಿತ್ತು. ಅದರಲ್ಲಿ ನನಗೆ ಜಂಬವೂ ಇತ್ತು.

ಶಿರಸಿಯಲ್ಲಿ ನಡೆದ ಅಂಥದೊಂದು ಸಭೆ ನಿಮ್ಮ ಗೋಮಾಳದಲ್ಲಿ ಸಾಗುವಾನಿ ಬೆಳೆಸುವ ವಿಚಾರದ್ದು. ‘ಗ್ರಾಮದ ಹಿರಿಯ ಈರಪ್ಪನವರು ಸಮ್ಮತಿ ಸೂಚಿಸಿ ಮಂತ್ರಿಗಳಿಗೆ ಮಾಲೆ ಹಾಕಿದರು’ ಎಂದು ಬರೆದೆ. ಯಾರಾದರೊಬ್ಬರ ಹೆಸರು ಬೇಕಿತ್ತು; ಕರೆದವರ ಪಟ್ಟಿಯಲ್ಲಿ ಅವರದು ಮೊದಲಿತ್ತು, ಅಷ್ಟೇ. ಊರವರೆಲ್ಲ ಸುಗ್ಗಿಯಲ್ಲಿದ್ದುದರಿಂದ ನಿಮ್ಮ ತಂದೆಯೊಬ್ಬರೇ ಶಿರಸಿಗೆ ಬಂದಿದ್ದರು. ಸಂಜೆ ಎದ್ದು ನಿಂತು, "ದನ ಎಲ್ಲಿ ಮೇಯ್ಬೇಕ್ರಿ? ನಾವು ಕೊಡಂಗಿಲ್ಲ" ಎಂದರು. ಮಂತ್ರಿಗಳು ನಕ್ಕು ಕಾರು ಹತ್ತಿದರು. ವರದಿ ಆಗಲೇ ಹುಬ್ಬಳ್ಳಿ ಮುಟ್ಟಿತ್ತು.

ಪತ್ರಿಕೆ ಊರಿಗೆ ಬಂದ ಮೇಲೆ ಅವರು ನನ್ನನ್ನು ಹುಡುಕಿಕೊಂಡು ಸಿದ್ದಾಪುರದ ಪ್ರವಾಸಿ ಮಂದಿರಕ್ಕೆ ಬಂದರು.

"ಸಾಹೇಬ್ರ, ಊರಾಗ ಯಾರೂ ನನ್ನ ಮಾತು ನಂಬವಲ್ರು. ನಾ ಒಲ್ಲೆ ಅಂದೀನಿ ಅಂತ ಒಂದ್ ಸಾಲು ಬರೀರಿ, ಸಾಕು."

ಬರೆದರೆ ನನ್ನ ವರದಿಗಳ ಗುಟ್ಟು ಬಯಲಾಗುತ್ತಿತ್ತು, ನೌಕರಿ ಹೋಗುತ್ತಿತ್ತು. "ಬಂದದ್ದು ಬಂದುಹೋಯಿತು, ಹಿರಿಯರೇ" ಎಂದೆ. ಅವರು ಪತ್ರಿಕೆ ಮಡಚಿ ಬಗಲಲ್ಲಿಟ್ಟುಕೊಂಡು ಹೋದರು. ನಾನು ಚಹಾ ತರಿಸಿ ಕುಡಿದೆ. ಏನೂ ಅನ್ನಿಸಲಿಲ್ಲ.

ಮೊನ್ನೆ ಬಸ್ಸಿನಲ್ಲಿ ನಿಮ್ಮೂರಿನವರೊಬ್ಬರು ಸಿಕ್ಕಿದ್ದರು. ಗೋಮಾಳಕ್ಕೆ ಬೇಲಿ ಬಿದ್ದದ್ದು, ನಿಮ್ಮ ಮದುವೆಗೆ ಊರವರು ಬಾರದೇ ಹೋದದ್ದು, ಕೊನೆಗೆ ನಿಮ್ಮ ತಂದೆಗೆ ಹೆಗಲು ಕೊಡಲು ಪಕ್ಕದೂರಿನವರು ಬರಬೇಕಾದದ್ದು — ಎಲ್ಲ ಹೇಳಿದರು. ನಿಮ್ಮ ತಂದೆಯೆಂದರೆ ಈಗಲೂ "ಊರು ಮಾರಿದಾವ" ಎಂದೇ ಅವರ ಮಾತು. ನಾನು ತಲೆಯಾಡಿಸುತ್ತ ಕುಳಿತಿದ್ದೆ. ಅಳು ಬರಬೇಕಿತ್ತು, ಬರಲಿಲ್ಲ. ನನ್ನೊಳಗೆ ಅಂಥದ್ದು ಉಳಿದಿದೆಯೋ ಇಲ್ಲವೋ —

ಸೋಮವಾರ ನಿಮ್ಮೂರಿನ ಚಾವಡಿಗೆ ಬರುತ್ತೇನೆ. ಈ ಸಲ ಮುಂಚೆ ಏನನ್ನೂ ಬರೆದುಕೊಂಡು ಬರುವುದಿಲ್ಲ. ಈರಪ್ಪನವರು ಒಲ್ಲೆ ಅಂದರು, ನಾನು ಕಿವಿಯಾರೆ ಕೇಳಿದ್ದೆ ಎಂದಷ್ಟೇ ಹೇಳುತ್ತೇನೆ. ಅದನ್ನು ಕೇಳಬೇಕಾಗಿದ್ದ ಆ ಒಬ್ಬರು ಅಲ್ಲಿ ಇರುವುದಿಲ್ಲ.