ತೊಳೆದುಹೋದ ಹದಿನಾಲ್ಕು ಮನೆಗಳು

ನಿನ್ನೆ ನಾನು ಕಲಿಸುವ ಶಾಲೆಯಲ್ಲಿ ಕಸ ಗುಡಿಸುವ ಆಯಾ ನನ್ನ ತರಗತಿಯ ನೆಲಕ್ಕೆ ನೀರು ಚೆಲ್ಲಿದಳು. ಒದ್ದೆ ಖಡುವಿನ, ಅಂದರೆ ಸೀಮೆಸುಣ್ಣದ, ವಾಸನೆ ಮೂಗಿಗೆ ಬಡಿದದ್ದೇ ತಡ, "ತಡಿಯವ್ವಾ, ತೊಳೀಬ್ಯಾಡ!" ಎಂದು ಚೀರಿಬಿಟ್ಟೆ. ಪಾಪ, ಬಕೆಟ್ ಹಿಡಿದು ಹಾಗೇ ನಿಂತಳು. ನನಗೆ ನಾನು ಓದಿದ ರಾಮದುರ್ಗದ ಆ ಏಳನೇ ತರಗತಿ, ಅಲ್ಲಿ ಅರಬಿ ಕಲಿಸುತ್ತಿದ್ದ ನಮ್ಮ ಉಸ್ತಾದರು ಕಂಡಿದ್ದರೆಂದು ಆಕೆಗೇನು ಗೊತ್ತು...

ಉಸ್ತಾದರು ಸಾಲಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದರು. ಅರಬಿ ವ್ಯಾಕರಣವೆಂದರೆ ನಮಗೆ ಚಳಿಜ್ವರ. ಅವರು ಪುಸ್ತಕ ಮುಚ್ಚಿಸಿ, ಕುಂಟಬಿಲ್ಲೆಗೆ ಬರೆದ ಹಾಗೆ ನೆಲದ ಮೇಲೆ ಖಡುವಿನಿಂದ ಕ್ರಿಯಾಪದದ ಹದಿನಾಲ್ಕು ರೂಪಗಳಿಗೆ ಹದಿನಾಲ್ಕು ಮನೆ ಬರೆದರು. 'ಅವನು ಬರೆದ' ಮೊದಲನೆಯ ಮನೆ, 'ನಾವು ಬರೆದೆವು' ಕೊನೆಯದು. ಯಾವ ಮನೆಗೆ ಜಿಗಿದೆವೋ ಆ ರೂಪವನ್ನು ಅರಬಿಯಲ್ಲಿ ಕೂಗಬೇಕು. ಎಂಥಾ ಮಜಾ! ತಿಂಗಳೊಳಗೆ ಪಾಠ ಬಾಯಿಗಿಂತ ಮೊದಲು ಕಾಲಿಗೆ ಬಂತು.

ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಶಾಲಾ ಕಮಿಟಿಯ ಹಿರಿಯರು ಬಂದು ನಮ್ಮನ್ನು ಪಾಠ ಕೇಳುವವರಿದ್ದರು. ನಾವು ತಪ್ಪಿಲ್ಲದೆ ಹೇಳಿದರೆ ಉಸ್ತಾದರು ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ. ಮನೆಗೆ ದೊಡ್ಡವರು ಬರುತ್ತಾರೆಂದರೆ ನಮ್ಮಮ್ಮ ಮೊದಲು ನೆಲ ತೊಳೆಯುತ್ತಿದ್ದಳು. ನಾನೂ ಆ ಮುಂಜಾನೆ ಬೇಗ ಹೋಗಿ, ಎರಡು ಕೊಡ ನೀರು ಹಾಕಿ ತರಗತಿಯನ್ನು ಥಳಥಳ ತೊಳೆದೆ. ಶಹಬ್ಬಾಸ್ ಅನ್ನುತ್ತಾರೆಂದು ಕಾದೆ. ದಡ್ಡಿ ನಾನು!

ಕಮಿಟಿಯವರ ಜೊತೆಗೇ ಒಳಗೆ ಬಂದ ಉಸ್ತಾದರು ಮನೆಗಳೇ ಇಲ್ಲದ ನೆಲ ನೋಡಿ ಬಿಳಚಿಕೊಂಡರು. ಜೇಬಿನಿಂದ ಖಡು ತೆಗೆದು ಬಗ್ಗಿದರು. "ಆಟ ಬ್ಯಾಡ್ರಿ ಉಸ್ತಾದ್, ಕುಂತಲ್ಲೇ ಹೇಳಸ್ರಿ," ಅಂದರು ಒಬ್ಬ ಹಿರಿಯರು.

ಮೊದಲು ನನ್ನನ್ನೇ ಕೇಳಿದರು. 'ನಾವು ಬರೆದೆವು'... ಎಷ್ಟು ಸಲ ಕೂಗಿದ್ದೆ! ಬೆಂಚಿನ ಕೆಳಗೆ ಕಾಲು ಮನೆ ಹುಡುಕಿತು, ನಾಲಿಗೆ ಹೊರಳಲಿಲ್ಲ. ಉಳಿದವರದೂ ಅದೇ ಗತಿ. ನೆಲ ತೊಳೆದವರು ಯಾರೆಂದು ಉಸ್ತಾದರು ಕೇಳಲಿಲ್ಲ. ಒದ್ದೆಯಾಗಿದ್ದ ನನ್ನ ಚೂಡಿದಾರದ ಅಂಚನ್ನು ಒಮ್ಮೆ ನೋಡಿದರು, ಅಷ್ಟೇ.

"ತಪ್ಪು ನಂದರೀ. ಹುಡುಗರು ಶಾಣ್ಯಾ ಅದಾರ," ಎಂದು ಹಿರಿಯರಿಗೆ ಹೇಳಿದರು.

ನಾನು ಬಾಯಿ ಬಿಡಲಿಲ್ಲ. ಮುಂದಿನ ವಾರ ಅವರ ಜಾಗಕ್ಕೆ ಬೇರೆಯವರು ಬಂದರು.

ಈಗ ಸಂಪಗಾಂವದಲ್ಲಿ ನಾನೂ ಅರಬಿ ಕಲಿಸುತ್ತೇನೆ. ಅವೇ ಹದಿನಾಲ್ಕು ಮನೆ. ಆದರೆ ವಾರಕ್ಕೊಮ್ಮೆ ನಾನೇ ಅಳಿಸಿ, ಮಕ್ಕಳಿಂದ ಕುಳಿತಲ್ಲೇ ಹೇಳಿಸುತ್ತೇನೆ. ತೊಳೆದವಳು ನಾನೇ ಎಂದು ಉಸ್ತಾದರಿಗೆ ಹೇಳಬೇಕೆಂದು ವರ್ಷಗಟ್ಟಲೆ ಅಂದುಕೊಂಡು, ಹೋದ ತಿಂಗಳು ಸಾಲಹಳ್ಳಿಗೆ ಹೋದೆ. ಅವರ ಮಗಳು ಬಾಗಿಲು ತೆರೆದಳು.

"ನಮ್ಮ ಅಬ್ಬಾ ತೀರಿಕೊಂಡು ಎರಡು ವರ್ಷ ಆತರೀ. ನೀವು ಯಾರ್ರೀ?"

"ಅವರ ಹತ್ರ ಕಲಿತಾಕಿ," ಅಂದೆ. ನೆಲ ತೊಳೆದಾಕಿ ಅನ್ನಲು ಆಗಲೂ ಬಾಯಿ ಬರಲಿಲ್ಲ. ಇವತ್ತು ಇಲ್ಲಿ ಬರೆದಿದ್ದೇನೆ. ಓದಬೇಕಾದವರೇ ಇಲ್ಲ.