ಪಡಸಾಲೆಯ ಅರ್ಧ ಗೂಡು

ನಮ್ಮ ಮನೆಯ ಪಡಸಾಲೆಯಲ್ಲಿ, ಸಂಭಾವಿತ ಗೃಹಸ್ಥರು ಕ್ಯಾಲೆಂಡರು ತೂಗುಹಾಕುವ ಮೊಳೆಗೆ, ಅರ್ಧಕ್ಕೆ ನಿಂತುಹೋದ ಒಂದು ಗೀಜಗನ ಗೂಡು ನೇತಾಡುತ್ತಿದೆ. ಹುಲ್ಲಿನಲ್ಲಿ ಹೆಣೆದ ಟೋಪಿಯ ನೆತ್ತಿಗೆ ದಾರ ಕಟ್ಟಿ ಮೇಲಕ್ಕೆತ್ತಿದರೆ ಹೇಗಿರುತ್ತದೋ ಹಾಗಿದೆ. ತಳವಿಲ್ಲ, ಒಳಹೋಗುವ ಕೊಳವೆಯಿಲ್ಲ, ಇದ್ದಷ್ಟು ಭಾಗ ಮಾತ್ರ ಅತಿ ಅಚ್ಚುಕಟ್ಟು. ಬಂದ ನೆಂಟರು ಕಾಫಿ ಲೋಟ ಕೈಗೆ ಬರುವವರೆಗಿನ ಮೌನವನ್ನು ತುಂಬಲು ಅದರ ಬಗ್ಗೆ ಒಂದು ಮಾತು ಆಡಿಯೇ ಆಡುತ್ತಾರೆ. ಇಲಿ ಕಡಿದಿರಬೇಕು ಎಂದವರಿದ್ದಾರೆ. ಓವರ್‌ಸಿಯರ್ ಆಗಿರುವ ನನ್ನ ಭಾವಮೈದುನ, "ಕಂಟ್ರಾಕ್ಟರು ಅಡ್ವಾನ್ಸ್ ತಗೊಂಡು ಓಡಿಹೋಗಿದಾನೆ ಭಾವ" ಎಂದು ವೃತ್ತಿಸಹಜವಾದ ತೀರ್ಪು ಕೊಟ್ಟ. ನನ್ನ ಧರ್ಮಪತ್ನಿಯ ಪ್ರಕಾರ ಅದು ಧೂಳಿನ ಭಂಡಾರ. ಓದುಗ ಮಹಾಶಯರೇ, ನೀವೂ ಎಂದಾದರೊಂದು ದಿನ ನಮ್ಮ ಮನೆಗೆ ಬಂದೇ ಬರುತ್ತೀರಿ, ಬಂದಾಗ ಅದೇ ಪ್ರಶ್ನೆ ಕೇಳುತ್ತೀರಿ. ಆದ್ದರಿಂದ ಈಗಲೇ ಹೇಳಿಬಿಡುವುದು ಉಭಯತ್ರ ಕ್ಷೇಮ.

ಹತ್ತು ಹನ್ನೆರಡು ವರ್ಷಗಳ ಹಿಂದೆ, ಜಯನಗರವೆಂಬುದು ಇನ್ನೂ ಅರ್ಧ ಬಡಾವಣೆ ಅರ್ಧ ರಾಗಿಹೊಲವಾಗಿದ್ದ ಕಾಲದಲ್ಲಿ, ನಾನು ಅದರ ಅಂಚಿನ ಒಂದು ಶಾಲೆಯಲ್ಲಿ ಮೇಷ್ಟರಾಗಿದ್ದೆ. ತರಗತಿಯ ಅರ್ಧದಷ್ಟು ಮಕ್ಕಳು ಹೊಸ ಮನೆಗಳ ಗುಮಾಸ್ತರ ಮಕ್ಕಳು. ಉಳಿದರ್ಧ ಪಕ್ಕದ ಯಡಿಯೂರಿನ ಒಕ್ಕಲು ಮಕ್ಕಳು. ವೇಳಾಪಟ್ಟಿಯಲ್ಲಿ ಪ್ರಕೃತಿ ಪರಿಚಯ ಎಂಬ ವಿಷಯ ಅನಾಥವಾಗಿ ಉಳಿದಿತ್ತು, ನನಗೆ ವಾರದಲ್ಲಿ ಮೂರು ಪಿರಿಯಡ್ ಬಿಡುವಿತ್ತು. ಇವೆರಡೇ ನನ್ನ ಅರ್ಹತೆ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ನನಗೆ ವನ್ಯಜೀವಿಗಳ ಸಾಕ್ಷಾತ್ ಪರಿಚಯವೆಂದರೆ ಹಲ್ಲಿ, ಜಿರಳೆ, ಮತ್ತು ಒಮ್ಮೆ ಲಾಲ್‌ಬಾಗಿನಲ್ಲಿ ನನ್ನ ಪಂಚೆಯೊಳಕ್ಕೆ ನುಗ್ಗಿದ ಒಂದು ಜೇನುನೊಣ. ಆದರೆ ಅಜ್ಞಾನ ಯಾವ ಕಾಲದಲ್ಲಿ ತಾನೇ ಅಧ್ಯಾಪನಕ್ಕೆ ಅಡ್ಡಿಯಾಗಿದೆ? ನಾನು ಬಲು ಉತ್ಸಾಹದಿಂದ ಪಾಠ ಮಾಡುತ್ತಿದ್ದೆ.

ನಮ್ಮ ಕಡೆಯ ದಸರಾ ಗೊಂಬೆಗಳನ್ನು ನೀವು ನೋಡಿಯೇ ಇರುತ್ತೀರಿ. ಮೆಟ್ಟಿಲುಗಳ ಮೇಲೆ ದೇವಾನುದೇವತೆಗಳು. ಕೆಳಗೆ ನೆಲದ ಮೇಲೆ ಪಾರ್ಕು. ತಟ್ಟೆಯಲ್ಲಿ ಮೊಳೆಸಿದ ರಾಗಿಪೈರು ಅರಣ್ಯ, ಅಂಚಿಗೆ ಮರಳು ಸುರಿದ ಮುಖ ನೋಡುವ ಕನ್ನಡಿ ಸರೋವರ, ಅದರ ಮೇಲೊಂದು ಸೆಲ್ಯುಲಾಯ್ಡ್ ಬಾತುಕೋಳಿ. ಆ ಅರಣ್ಯದಲ್ಲಿ ಸಿಂಹ, ಜಿರಾಫೆ, ಜಿಂಕೆ, ಪೆಂಗ್ವಿನ್ ಹಕ್ಕಿಗಳು ಕೃತಯುಗದಲ್ಲೂ ಇದ್ದಿರಲಾರದ ಸೌಹಾರ್ದದಿಂದ ಬಾಳುತ್ತವೆ. ಆ ವರ್ಷ ಶಾಲೆಯಲ್ಲಿ ಕೂರಿಸುವ ಗೊಂಬೆಯ ಹೊಣೆ ನನ್ನ ಪಾಲಿಗೆ ಬಂದಾಗ ನನ್ನಲ್ಲಿದ್ದ ಸುಧಾರಕ ಜಾಗೃತನಾದ. ಜಿರಾಫೆಗೆ ಗಡೀಪಾರು! ಪೆಂಗ್ವಿನ್‌ಗೆ ಪ್ರವೇಶವಿಲ್ಲ! ನಮ್ಮ ನೆಲದ ಜೀವಿಗಳು, ತಂತಮ್ಮ ನೆಲೆಯಲ್ಲಿ, ಇದ್ದುದು ಇದ್ದ ಹಾಗೆ. ಮುಂಗುಸಿ, ಕೊಕ್ಕರೆ, ಟಿಟ್ಟಿಭ, ನರಿ ಎಲ್ಲವನ್ನೂ ಜೇಡಿಮಣ್ಣಿನಲ್ಲಿ ಮಾಡಿಸಿ, ಯಡಿಯೂರು ಕೆರೆಯ ಸ್ಥಾನದಲ್ಲಿ ಮನೆಯಿಂದ ಹೆಂಡತಿಯ ಕನ್ನಡಿಯನ್ನು ತಂದಿಟ್ಟೆ. ನಿಜವಾದ ಯಡಿಯೂರು ಕೆರೆ ಆ ಕನ್ನಡಿಯಿಂದ ಐದು ನಿಮಿಷದ ನಡಿಗೆಯಷ್ಟು ದೂರದಲ್ಲಿತ್ತು ಎಂಬುದು ನನಗಾಗಲಿ ನಮ್ಮ ಹೆಡ್‌ಮಾಸ್ತರಿಗಾಗಲಿ ಹೊಳೆಯಲೇ ಇಲ್ಲ.

ಈ ಸೃಷ್ಟಿಗೆ ಕಳಶಪ್ರಾಯವಾಗಿ ಗೀಜಗನ ಗೂಡುಗಳನ್ನು ತೂಗುಹಾಕಬೇಕೆಂದು ನಿಶ್ಚಯಿಸಿದೆ. ಗೀಜಗ ಮಿಣುಕುಹುಳುಗಳನ್ನು ಹಿಡಿದು ತಂದು, ಗೂಡಿನ ಒಳಗೋಡೆಗೆ ಹಸಿಮಣ್ಣಿನಲ್ಲಿ ಅಂಟಿಸಿ, ಮರಿಗಳಿಗೆ ದೀಪದ ವ್ಯವಸ್ಥೆ ಮಾಡುತ್ತದೆ ಎಂದು ನನ್ನ ಮೇಷ್ಟರು ನನಗೆ ಹೇಳಿದ್ದರು, ನಾನು ನನ್ನ ಮಕ್ಕಳಿಗೆ ನೋಟ್ಸು ಬರೆಸಿದ್ದೆ. ಹಕ್ಕಿಯನ್ನು ಕೇಳುವ ಗೊಡವೆಗೆ ನಮ್ಮಿಬ್ಬರಲ್ಲಿ ಯಾರೂ ಹೋಗಿರಲಿಲ್ಲ. ಅದನ್ನು ಪ್ರತ್ಯಕ್ಷ ತೋರಿಸಲು ಒಂದು ಗೂಡಿನೊಳಗೆ ಟಾರ್ಚಿನ ಬಲ್ಬು ಇಡುವ ಯೋಜನೆಯೂ ಸಿದ್ಧವಾಯಿತು. ಪ್ರತಿಯೊಬ್ಬರೂ ಒಂದೊಂದು ಗೂಡು ತರತಕ್ಕದ್ದು, ಅದಕ್ಕೆ ಹತ್ತು ನಂಬರು, ಆ ನಂಬರು ಅರ್ಧವಾರ್ಷಿಕ ಪರೀಕ್ಷೆಗೆ ಸೇರತಕ್ಕದ್ದು ಎಂದು ಆಜ್ಞೆ ಹೊರಡಿಸಿದೆ.

ಮೂರೇ ದಿನದಲ್ಲಿ ಮೇಜಿನ ಮೇಲೆ ಗೂಡುಗಳು ರಾಶಿಬಿದ್ದವು. ಮರ ಹತ್ತುವುದಿರಲಿ, ಕುರ್ಚಿ ಹತ್ತಿದರೂ ತಲೆಸುತ್ತುವ ಜಯನಗರದ ಕುಮಾರರು ಗೋಲಿ, ಪೆನ್ಸಿಲುಗಳನ್ನು ತೆತ್ತು ಯಡಿಯೂರಿನ ಹುಡುಗರಿಂದ ತರಿಸಿಕೊಂಡಿದ್ದರು. ಕೊನೆಯಲ್ಲಿ ಮುನಿಲಕ್ಷ್ಮಿ ಬಂದಳು. ಕೆರೆಯ ಏರಿಯ ಹಿಂದೆ ಸೊಪ್ಪಿನ ತೋಟ ಮಾಡುತ್ತಿದ್ದ ಹನುಮಂತಪ್ಪನ ಮಗಳು, ಒಂಬತ್ತು ಹತ್ತು ವರ್ಷದ ಹುಡುಗಿ. ಅವಳು ಮೇಜಿನ ಮೇಲಿಟ್ಟದ್ದು ಈ ಅರ್ಧ ಗೂಡನ್ನು.

"ಉಳಿದರ್ಧ ಎಲ್ಲಮ್ಮ, ದಾರೀಲಿ ತಿಂದ್ಯಾ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು.

"ಅದು ಅಷ್ಟೇ ಸಾ. ಗಂಡಕ್ಕಿ ಅಷ್ಟು ಕಟ್ತು, ಎಣ್ಣಕ್ಕಿ ಬಂದು ನೋಡ್ತು, ಒಪ್ಲಿಲ್ಲ. ಅದ್ಕೇ ಬಿಟ್ಬಿಡ್ತು. ತುಂಬಿದ್ ಗೂಡು ದೀಪಾವಳಿ ಗಂಟ ಕೀಳ್ಬಾರ್ದು ಸಾ, ಮರಿ ಇರ್ತವೆ." ಅಲ್ಲಿಗೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದಳೋ ಏನೋ. "ಒಳಗೆ ಮಿಣುಕುಹುಳ ಇರಲ್ಲ ಸಾ, ಬರೀ ಜೇಡಿಮಣ್ಣು" ಎಂದೂ ಸೇರಿಸಿದಳು.

ಟಾರ್ಚಿನ ಬಲ್ಬನ್ನು ಆಗಲೇ ಕೊಂಡಾಗಿತ್ತು. ಅಧಿಕಪ್ರಸಂಗ ಎಂದು ಗದರಿ, ಅವಳ ಪ್ರೋಗ್ರೆಸ್ ಕಾರ್ಡಿಗೆ ಕೆಂಪು ಇಂಕಿನಲ್ಲಿ ಒಂದು ಸೊನ್ನೆ ಸುತ್ತಿ, ಗೂಡನ್ನು ಅವಳ ಕೈಗೇ ವಾಪಸು ಕೊಟ್ಟೆ. ಆ ಸೊನ್ನೆಯನ್ನು ಎಷ್ಟು ಗುಂಡಗೆ ಬರೆದಿದ್ದೆನೆಂಬುದು ಈಗಲೂ ನನಗೆ ನೆನಪಿದೆ.

ಅಂದು ಸಂಜೆ ಗೂಡುಗಳನ್ನು ತೂಗುಹಾಕುವಾಗ ಒಂದು ಘಟನೆ ನಡೆಯಿತು. ಹಾಲಿನಷ್ಟು ಬೆಳ್ಳಗಿನ ಪುಟ್ಟ ಮೊಟ್ಟೆಗಳು ಮೂರು, ಒಂದು ಗೂಡಿನ ಕೊಳವೆಯಿಂದ ಉರುಳಿ ಕೆಳಗಿದ್ದ ಕನ್ನಡಿಯ ಸರೋವರದ ಮೇಲೆ ಬಿದ್ದು ಒಡೆದವು. ನಾನು ಅತ್ತಿತ್ತ ನೋಡಿ, ಹೆಗಲ ಮೇಲಿದ್ದ ವಸ್ತ್ರದಿಂದ ಬೇಗ ಒರೆಸಿಬಿಟ್ಟೆ. ನೆಲ ಗುಡಿಸಲು ನಿಂತಿದ್ದ ಮುನಿಲಕ್ಷ್ಮಿ ಅದನ್ನು ನೋಡಿದಳು. ಪೊರಕೆ ಗೋಡೆಗೆ ಒರಗಿಸಿ ಹೊರಟುಹೋದಳು. ಮಾರನೆಯ ದಿನ ಬಂದ ಪೋಷಕರು ದೀಪ ಬೆಳಗುವ ಗೂಡನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು, ನಿವೃತ್ತ ಅಮಲ್ದಾರರೊಬ್ಬರು ಮಕ್ಕಳಲ್ಲಿ ಜೀವದಯೆ ಬೆಳೆಸುವ ಬಗೆ ಎಂದರೆ ಇದು ಎಂದು ನನ್ನ ಬೆನ್ನು ತಟ್ಟಿದರು. ನಾನು ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿದೆ.

ವಿಜಯದಶಮಿ ಕಳೆದು ಶಾಲೆ ತೆರೆದಾಗ ಮುನಿಲಕ್ಷ್ಮಿಯ ಜಾಗ ಖಾಲಿಯಿತ್ತು. ಎರಡು ದಿನ, ಮೂರು ದಿನ. ಕೇಳಿದರೆ ಪಕ್ಕದ ಹುಡುಗಿ, "ಅವಳು ಇನ್ ಬರಲ್ಲ ಸಾರ್. ಪ್ರಕೃತಿ ಪರಿಚಯದಲ್ಲಿ ಫೇಲಾದ್ಳು, ಅವ್ರಪ್ಪ ಬಿಡಿಸ್‌ಬಿಟ್ರು" ಎಂದಳು. ಜೂನ್ ತಿಂಗಳಲ್ಲಿ ಅವಳನ್ನು ಸೇರಿಸಲು ಬಂದಿದ್ದ ಹನುಮಂತಪ್ಪ ನನ್ನೆದುರೇ ಷರತ್ತು ಹಾಕಿದ್ದ: ದಸರಾವರೆಗೆ ನೋಡುವುದು, ಒಂದು ವಿಷಯದಲ್ಲಿ ಫೇಲಾದರೂ ತೋಟದ ಕೆಲಸಕ್ಕೆ. ಆಗ ಸ್ತ್ರೀವಿದ್ಯಾಭ್ಯಾಸದ ಮಹತ್ವವನ್ನು ಕುರಿತು ಅವನಿಗೆ ಕಾಲು ಗಂಟೆ ಭಾಷಣ ಬಿಗಿದು ಒಪ್ಪಿಸಿದವನು ನಾನೇ. ರಿಜಿಸ್ಟರು ತೆಗೆದು ನೋಡಿದೆ. ಪಾಸಿಗೆ ಅವಳಿಗೆ ಆರು ನಂಬರು ಕಡಿಮೆ. ನಾನು ಕೊಡದೆ ಉಳಿಸಿಕೊಂಡದ್ದು ಹತ್ತು.

ಇದು ನನಗೆ ಸಂಬಂಧಪಟ್ಟದ್ದಲ್ಲ, ಸಂಸಾರದೊಳಗಿನ ವಿಷಯ ಎಂದು ನನ್ನನ್ನು ನಾನೇ ನಂಬಿಸಲು ಇನ್ನೂ ಎರಡು ದಿನ ಹೆಣಗಿದೆ, ಆದರೂ ನಂಬಿಕೆ ಬರಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಕೊಡೆ ಹಿಡಿದು, ಕೆರೆಯ ಏರಿ ಹತ್ತಿ ಆಚೆಗಿಳಿದೆ. ಐದು ವರ್ಷದಿಂದ ಅದೇ ಊರಿನ ಪಕ್ಕ ಪ್ರಕೃತಿ ಪರಿಚಯ ಮಾಡಿಸುತ್ತಿದ್ದವನಿಗೆ ಆ ಏರಿಯ ಪರಿಚಯ ಅದೇ ಮೊದಲು.

ಹನುಮಂತಪ್ಪ ದಂಟಿನ ಮಡಿಗೆ ನೀರು ಕಟ್ಟುತ್ತಿದ್ದ. ಮಗಳು ಬಾವಿಕಟ್ಟೆಯ ಮೇಲೆ ಕೂತು ಸೊಪ್ಪು ಕಂತೆ ಕಟ್ಟುತ್ತಿದ್ದಳು. ನನ್ನನ್ನು ಕಂಡೊಡನೆ ಅವನು ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಜಗಳ ಆಡುತ್ತಾನೆಂದುಕೊಂಡಿದ್ದೆ, ಆಡಿದ್ದರೆ ಎಷ್ಟೋ ವಾಸಿಯಾಗಿತ್ತು.

"ನಿಮ್ ತಪ್ಪೇನೈತೆ ಮೇಷ್ಟ್ರೇ" ಎಂದ. "ತುಂಬಿದ್ ಗೂಡು ಕೀಳ್ಬ್ಯಾಡ ಕಣವ್ವ ಅಂತ ನಾನೇ ಹೇಳಿದ್ದು. ನಮ್ಮಪ್ಪ ನಂಗ್ ಹೇಳಿದ್ದ. ಅದ್ಕೆ ಸೊನ್ನೆ ಬಂತು. ಸರಿ, ನಮ್ಮನೆ ಬುದ್ಧಿ ನಿಮ್ ಸ್ಕೂಲಿಗೆ ಆಗ್ಬರಲ್ಲ ಅಂತ ಬಿಡಿಸ್ದೆ."

ಆ ಸೊನ್ನೆ ಮೂರು ತಲೆಮಾರುಗಳಿಗೆ ಒಟ್ಟಿಗೇ ಬಿದ್ದಿತ್ತೆಂದು ಆಗ ಗೊತ್ತಾಯಿತು. ನನಗೆ ಬಹಳ ನಾಚಿಕೆಯಾಯಿತು. ಮೇಲೆ ನೋಡಿದೆ. ಬಾವಿಯ ಮೇಲಕ್ಕೆ ಬಾಗಿದ ಒಂದು ಈಚಲುಮರ. ಅದರ ಗರಿಗಳ ತುದಿಯಲ್ಲಿ ತುಂಬಿದ ಗೂಡುಗಳು, ನಡುನಡುವೆ ನಾಲ್ಕಾರು ಅರ್ಧ ಗೂಡುಗಳು. ಒಂದು ಹಳದಿ ತಲೆಯ ಹಕ್ಕಿ ತನ್ನ ಅರ್ಧ ಗೂಡಿಗೆ ಜೋತುಬಿದ್ದು, ರೆಕ್ಕೆ ಬಡಿದು, ಚೀರಾಡಿ, ನನ್ನ ಹಾಗೆಯೇ ಜಾಹೀರಾತು ಮಾಡಿಕೊಳ್ಳುತ್ತಿತ್ತು. ಬಣ್ಣಗೆಟ್ಟ ಒಂದು ಹೆಣ್ಣುಹಕ್ಕಿ ಬಂತು, ಒಳಗೆ ಕೂತಿತು, ಹುಲ್ಲನ್ನು ಕೊಕ್ಕಿನಿಂದ ಎಳೆದು ನೋಡಿತು, ಹಾರಿಹೋಯಿತು.

"ನೋಡಿದ್ರಾ ಸಾ? ಒಪ್ಲಿಲ್ಲ" ಎಂದಳು ಮುನಿಲಕ್ಷ್ಮಿ, ಅಷ್ಟು ದಿನದ ಮೇಲೆ ಮೊದಲ ಸಲ ಬಾಯಿಬಿಟ್ಟು. "ಇನ್ನು ಪಕ್ಕದ್ ಗರೀಲಿ ಇನ್ನೊಂದ್ ಕಟ್ತದೆ."

ಗಾಳಿಗೆ ಬಿದ್ದಿದ್ದ ಒಂದು ಹಳೆಯ ಗೂಡನ್ನು ತಂದು ಬಿಡಿಸಿ ತೋರಿಸಿದಳು. ಒಳಗೋಡೆಯಲ್ಲಿ ಒಣಗಿದ ಮಣ್ಣಿನ ಹೆಂಟೆಗಳಿದ್ದವು. ಉಗುರಿನಿಂದ ಕೆರೆದೆ, ಕನ್ನಡಕ ಹಾಕಿಕೊಂಡು ಮತ್ತೆ ಕೆರೆದೆ. ಮಿಣುಕುಹುಳುವಿನ ಕಾಲೂ ಇರಲಿಲ್ಲ. ನಾನು ಬರೆಸಿದ ನೋಟ್ಸನ್ನು ಉರುಹೊಡೆದು ಪೂರ್ತಿ ನಂಬರು ಪಡೆದು ಮುಂದೆ ಹೋದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ನೆನಪಾದರು.

ತಪ್ಪು ನನ್ನದು, ನಿಮ್ಮ ಮನೆಯ ಬುದ್ಧಿಯೇ ಸರಿ, ಹುಡುಗಿಯನ್ನು ಕಳಿಸಿ ಎಂದು ಹನುಮಂತಪ್ಪನಿಗೆ ಹೇಳಿದೆ. ಅವನು ಸನಿಕೆ ಊರಿ ನಿಂತು ಯೋಚಿಸಿದ. "ಬಾಯಲ್ಲಿ ಹೇಳಿದ್ರಾಗಲ್ಲ ಮೇಷ್ಟ್ರೇ. ಸೊನ್ನೆ ಬರ್ದು ಕೊಟ್ರಲ್ಲ, ಇದನ್ನೂ ಬರ್ದು ಕೊಡಿ" ಎಂದು ಮಗಳಿಂದ ಪ್ರೋಗ್ರೆಸ್ ಕಾರ್ಡು ತರಿಸಿ ನನ್ನ ಕೈಗೆ ಕೊಟ್ಟ. ನ್ಯಾಯವಾದ ಮಾತು.

ಸೋಮವಾರ ಹೆಡ್‌ಮಾಸ್ತರ ಮುಂದೆ ನಿಂತೆ. ರಿಜಿಸ್ಟರಿನಲ್ಲಿ ನಂಬರು ತಿದ್ದುವುದೆಂದರೆ ಅವರಿಗೆ ಶಿಲಾಶಾಸನ ತಿದ್ದಿದಷ್ಟೇ ಗಂಭೀರ. ಇನ್‌ಸ್ಪೆಕ್ಟರು ಕೇಳಿದರೆ ಕಾರಣ ಬೇಕಲ್ಲ ಎಂದರು. ಉಪಾಧ್ಯಾಯರ ಅಜ್ಞಾನ ಎಂದು ಬರೆಯುತ್ತೇನೆ ಎಂದೆ. ಅವರು ಗಾಬರಿಯಾಗಿ, "ಅಯ್ಯೋ, ಹಾಗೆಲ್ಲ ಬರೀಬೇಡ್ರೀ! ಇನ್‌ಕ್ರಿಮೆಂಟು ನಿಂತ್ಹೋಗುತ್ತೆ. ಕೈತಪ್ಪು ಅಂತ ಹಾಕಿ" ಎಂದರು. ನಾನೂ ಮಕ್ಕಳೊಂದಿಗ; ಸರ್ಕಾರದ ರಿಜಿಸ್ಟರಿನಲ್ಲಿ ಕೈತಪ್ಪು ಎಂದೇ ಬರೆದೆ. ಆದರೆ ಹುಡುಗಿಯ ಪ್ರೋಗ್ರೆಸ್ ಕಾರ್ಡಿನಲ್ಲಿ, ಸೊನ್ನೆಯನ್ನು ಹೊಡೆದುಹಾಕಿ, ಅದೇ ಕೆಂಪು ಇಂಕಿನಲ್ಲಿ, "ಹುಡುಗಿ ಹೇಳಿದ್ದು ಸರಿ. ಮೇಷ್ಟರಿಗೆ ಗೊತ್ತಿರಲಿಲ್ಲ" ಎಂದು ಬರೆದು ರುಜು ಹಾಕಿದೆ.

ಸಂಜೆ ತೋಟಕ್ಕೆ ತೆಗೆದುಕೊಂಡು ಹೋದೆ. ಹನುಮಂತಪ್ಪನಿಗೆ ಓದು ಬಾರದು. ಮಗಳ ಕೈಯಲ್ಲಿ ಓದಿಸಿದ. ಅವಳು ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದಿದಳು. "ಕೊನೇದ್ ಇನ್ನೊಂದ್ ಸಲ ಓದವ್ವ" ಎಂದ. ಮೇಷ್ಟರಿಗೆ ಗೊತ್ತಿರಲಿಲ್ಲ ಎಂದು ಅವಳು ಇನ್ನೊಂದು ಸಲ ಓದಿದಳು. ಅವನು ಒದ್ದೆ ಕೈ ಒರೆಸಿಕೊಂಡು ಕಾರ್ಡನ್ನು ತೆಗೆದುಕೊಂಡು, ಮಡಿಚದೆ, ಅಂಗಿಯ ಜೇಬಿನಲ್ಲಿಟ್ಟ. "ನಾಳೆ ಸ್ಕೂಲಿಗೆ ಓಗು" ಎಂದ, ಅಷ್ಟೇ.

ಬಾವಿಯ ರಾಟೆಯ ಕಂಬಕ್ಕೆ ಈ ಅರ್ಧ ಗೂಡು ಸಿಕ್ಕಿಸಿತ್ತು. ಮುನಿಲಕ್ಷ್ಮಿ ಅದನ್ನು ತೆಗೆದು ನನ್ನ ಕೈಯಲ್ಲಿಟ್ಟಳು.

"ಈಗ ಎಷ್ಟ್ ನಂಬರ್ ಕೊಡ್ತೀರಾ ಸಾ?"

"ಹತ್ತಕ್ಕೆ ಹತ್ತು" ಎಂದೆ.

ಅಲ್ಲಿಂದ ಮುಂದೆ ನನ್ನ ಪಾಠ ಕೆರೆಯ ಏರಿಯ ಮೇಲೆ ನಡೆಯಿತು. ಯಡಿಯೂರಿನ ಮಕ್ಕಳು ಹೇಳುತ್ತಿದ್ದರು, ಜಯನಗರದ ಮಕ್ಕಳೂ ನಾನೂ ಕೇಳುತ್ತಿದ್ದೆವು. ಟಿಟ್ಟಿಭ ಹಕ್ಕಿ ಬರಿನೆಲದಲ್ಲಿ ಬೆಣಚುಕಲ್ಲುಗಳ ನಡುವೆ ಮೊಟ್ಟೆ ಇಡುವುದನ್ನು ನಾನು ಕಂಡದ್ದು, ಇನ್ನೇನು ಅದರ ಮೇಲೆ ಕಾಲಿಡುವೆನೆಂಬಾಗ ಮುನಿಲಕ್ಷ್ಮಿ ನನ್ನ ಕೊಡೆ ಹಿಡಿದೆಳೆದದ್ದರಿಂದ. ಕನ್ನಡಿ ಮನೆಗೆ ಹಿಂದಿರುಗಿತು. ಅದರ ಮೂಲೆಯಲ್ಲಿ ಒಂದು ಕಲೆ ಉಳಿದಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ ಎಂದು ನನ್ನ ಹೆಂಡತಿಯ ದೂರು. ನನ್ನ ಕಣ್ಣಿಗೂ ಅದು ಕಾಣುತ್ತದೆ.

ಈಗ ಆ ತೋಟದಲ್ಲಿ ಸೈಟಿನ ಕಲ್ಲುಗಳು ನಿಂತಿವೆ. ಈಚಲುಮರ ಇನ್ನೂ ಇದೆ. ಮುನಿಲಕ್ಷ್ಮಿ ಹೈಸ್ಕೂಲು ಮುಗಿಸಿ ಟೀಚರ್ ಟ್ರೈನಿಂಗಿಗೆ ಸೇರಿದ್ದಾಳೆ. ಮೊನ್ನೆ ಬಂದ ನೆಂಟರೊಬ್ಬರು ಮೊಳೆಯ ಕಡೆ ನೋಡಿ, ತೂಗುಹಾಕುವುದೇ ಆದರೆ ಒಂದು ಪೂರ್ತಿ ಗೂಡನ್ನೇ ತರಬಾರದಿತ್ತೇ ಎಂದರು. ಪೂರ್ತಿ ಗೂಡುಗಳನ್ನು ಒಮ್ಮೆ ತಂದಿದ್ದೆ ಎಂದೆ. ಹಕ್ಕಿಯನ್ನು ಕೇಳದೆ ಮನೆಗೆ ತರಬಹುದಾದದ್ದು ಇಷ್ಟೇ.